ವಾಯಿದೆಯ ಲೆಕ್ಕ: ಹೊಸೂರು ಸೀಮೆಯ ಸಣ್ಣ ಸರ್ವರ್‌ಗಳೂ ಲಿನಕ್ಸ್ ವಿತರಣೆಗಳೂ

ಹೊಸೂರು–ಕೃಷ್ಣಗಿರಿ ಸೀಮೆಯಲ್ಲಿ ಕಂಪ್ಯೂಟರ್ ಬಳಕೆ ಬೇರುಬಿಟ್ಟ ಬಗೆಯನ್ನು ಅರಿಯಬೇಕಾದರೆ ದೊಡ್ಡ ಕಾರ್ಖಾನೆಗಳ ಗಣಕ ವಿಭಾಗಗಳನ್ನು ನೋಡಿದರೆ ಸಾಲದು. ಆ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕ, ಡಿಟಿಪಿ ಅಂಗಡಿ, ಶಾಲೆಯ ಪ್ರಯೋಗಾಲಯ ಮುಂತಾದೆಡೆ ಮೂಲೆಯ ಮೇಜಿನ ಕೆಳಗೆ ಹಗಲಿರುಳು ಓಡುತ್ತಿದ್ದ ಒಂಟಿ ಯಂತ್ರವನ್ನೂ ಗಮನಿಸಬೇಕು. ಇತರ ಕಂಪ್ಯೂಟರ್‌ಗಳಿಗೆ ಕಡತ ಕೊಡುವ, ಅವುಗಳ ಮುದ್ರಣವನ್ನು ನಿಭಾಯಿಸುವ, ಅಂತರ್ಜಾಲದ ಒಂದೇ ಸಂಪರ್ಕವನ್ನು ಹತ್ತು ಮಂದಿಗೆ ಹಂಚುವ ಇಂಥ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಯಂತ್ರದ ಲೋಹ–ತಂತಿಗಳಿಗೂ ಬಳಕೆಯ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಹಂಚುವುದು ಆಪರೇಟಿಂಗ್ ಸಿಸ್ಟಮ್, ಅಂದರೆ ಕಾರ್ಯಾಚರಣ ವ್ಯವಸ್ಥೆ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಲಿನಕ್ಸ್ ಅಂಥ ವ್ಯವಸ್ಥೆಯ ಒಳತಿರುಳು ಮಾತ್ರ. ಅದನ್ನು ಕರ್ನೆಲ್ ಎನ್ನುತ್ತಾರೆ. ಕರ್ನೆಲ್ ಒಂದನ್ನೇ ಕೊಟ್ಟರೆ ಒಲೆ ಕೊಟ್ಟು ಪಾತ್ರೆ–ಪದಾರ್ಥ ಕೊಡದಂತೆ. ಅದರ ಜೊತೆಗೆ ನೂರಾರು ಉಪಕರಣಗಳನ್ನು ಹೊಂದಿಸಿ, ಯಂತ್ರದೊಳಕ್ಕೆ ಇಳಿಸಲು ಅನುಸ್ಥಾಪಕವೊಂದನ್ನು ಸೇರಿಸಿ, ಮುಂದೆ ಕಂಡುಬರುವ ದೋಷಗಳಿಗೆ ತಿದ್ದುಪಡಿ ಕಳುಹಿಸುವ ಭರವಸೆಯೊಂದಿಗೆ ಕಟ್ಟಿಕೊಡುವ ಗಂಟಿಗೆ ವಿತರಣೆ ಎಂದೂ ಆಡುಮಾತಿನಲ್ಲಿ ಡಿಸ್ಟ್ರೋ ಎಂದೂ ಹೆಸರು. ತಮಿಳುನಾಡು–ಕರ್ನಾಟಕದ ಈ ಗಡಿ ಸೀಮೆಯಲ್ಲಿ ಯಾವ ಗಂಟನ್ನು ಆರಿಸಬೇಕೆಂಬ ಪ್ರಶ್ನೆಯನ್ನು ಮೊದಲ ದಶಕದಲ್ಲಿ ತೀರ್ಮಾನಿಸಿದ್ದು ಗಂಟಿನ ಗುಣವಲ್ಲ, ಅದು ಊರಿಗೆ ಬಂದ ದಾರಿ. ಆನಂತರ ತೀರ್ಮಾನಿಸಿದ್ದು ಅದರ ವಾಯಿದೆ, ಅಂದರೆ ತಿದ್ದುಪಡಿಗಳು ಎಷ್ಟು ವರ್ಷ ಬರುತ್ತವೆ ಎಂಬ ಲೆಕ್ಕ.

ಹೊಸೂರಿಗೆ ಈ ಪ್ರಶ್ನೆ ಎದುರಾದದ್ದೇ ಅದರ ಭೂಗೋಳದಿಂದ. 1971ರಲ್ಲಿ ಸ್ಥಾಪನೆಯಾದ ತಮಿಳುನಾಡಿನ ಕೈಗಾರಿಕಾ ಪ್ರೋತ್ಸಾಹಕ ನಿಗಮ, ಎಲ್ಲರ ಬಾಯಲ್ಲಿ ಸಿಪ್ಕಾಟ್, ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಈ ತಾಲ್ಲೂಕು ಕೇಂದ್ರವನ್ನು ಆರಿಸಿಕೊಂಡು ಕೈಗಾರಿಕಾ ವಸಾಹತು ಕಟ್ಟಿತು. 1980ರ ಸುಮಾರಿಗೆ ಅಶೋಕ್ ಲೇಲ್ಯಾಂಡ್ ಮತ್ತು ಟಿವಿಎಸ್, ಆ ದಶಕದ ನಡುಭಾಗದಲ್ಲಿ ಟೈಟನ್ ಇಲ್ಲಿ ನೆಲೆಯೂರಿದವು, ಅವುಗಳ ಸುತ್ತ ಲೇತು, ಅಚ್ಚು, ಎರಕದ ಸಣ್ಣ ಘಟಕಗಳು ಹಬ್ಬಿದವು. ಆಡಳಿತದ ಕಾಗದವೆಲ್ಲ ಧರ್ಮಪುರಿಗೆ, 2004ರ ಫೆಬ್ರವರಿಯಲ್ಲಿ ಹೊಸ ಜಿಲ್ಲೆ ಆದ ಮೇಲೆ ಕೃಷ್ಣಗಿರಿಗೆ, ಅಲ್ಲಿಂದ ಚೆನ್ನೈಗೆ ಹೋಗುತ್ತಿತ್ತು. ಸಾಮಾನು, ರಿಪೇರಿ, ತಜ್ಞರು ಮಾತ್ರ ಗಡಿಯ ಜೂಜುವಾಡಿ ಮತ್ತು ಅತ್ತಿಬೆಲೆ ದಾಟಿ ಬೆಂಗಳೂರಿನಿಂದ ಬರುತ್ತಿದ್ದರು. ತಮಿಳು, ತೆಲುಗು, ಕನ್ನಡ ಮೂರೂ ಮನೆಮಾತಾಗಿರುವ ಹೊಸೂರು, ತಳಿ, ಡೆಂಕಣಿಕೋಟೆ ಭಾಗದ ಒಂದು ಕಂಪ್ಯೂಟರಿಗೆ ಹೀಗೆ ಎರಡು ರಾಜಧಾನಿಗಳಿದ್ದವು.

ಲಿನಕ್ಸ್‌ಗೆ ಮುಂಚಿನ ಕಾಲವನ್ನು ಕೆಲವೇ ಮಾತಿನಲ್ಲಿ ಮುಗಿಸಬಹುದು. ದೇಶದ ಸಣ್ಣ ಕಚೇರಿಗಳಲ್ಲಿ 1990ರ ದಶಕದ ಮೊದಲರ್ಧದ ಸರ್ವರ್ ಎಂದರೆ ಸಾಮಾನ್ಯವಾಗಿ ನಾವೆಲ್ ಕಂಪನಿಯ ನೆಟ್‌ವೇರ್, ಅಥವಾ ಒಂದೇ ಯಂತ್ರಕ್ಕೆ ಹಲವು ಪರದೆಗಳನ್ನು ಜೋಡಿಸಿದಲ್ಲಿ ಸ್ಕೋ ಕಂಪನಿಯ ಕ್ಸೆನಿಕ್ಸ್ ಇಲ್ಲವೆ ಯುನಿಕ್ಸ್. ಇವಕ್ಕೆ ಬಳಕೆದಾರರ ತಲೆ ಎಣಿಸಿ ಪರವಾನಗಿ ಹಣ ಕಟ್ಟಬೇಕಿತ್ತು; ಐದು ಮಂದಿಯ ಪರವಾನಗಿ ಪಡೆದ ಘಟಕದಲ್ಲಿ ಆರನೆಯ ಗುಮಾಸ್ತ ಕೂತರೆ ಖರ್ಚು ಮೇಲೇರುತ್ತಿತ್ತು. ಬೆಂಗಳೂರಿನಲ್ಲೇ 1986ರಲ್ಲಿ ಹುಟ್ಟಿದ ಟ್ಯಾಲಿ ಲೆಕ್ಕಪತ್ರ ತಂತ್ರಾಂಶ ಡಾಸ್‌ನಿಂದ ವಿಂಡೋಸ್‌ಗೆ ಸಾಗಿದ್ದರಿಂದ ಮೇಜಿನ ಮೇಲಿನ ಕಂಪ್ಯೂಟರ್ ಯಾವುದಿರಬೇಕೆಂಬ ವಿಷಯದಲ್ಲಿ ಚರ್ಚೆಗೆ ಎಡೆಯೇ ಇರಲಿಲ್ಲ. ಟ್ಯಾಲಿಯ ದತ್ತಾಂಶವನ್ನು ಇಡುವ ಯಂತ್ರವಷ್ಟೇ ಚರ್ಚೆಯ ವಸ್ತು. ವಿಂಡೋಸ್ ಕಂಪ್ಯೂಟರ್‌ಗಳ ಕಣ್ಣಿಗೆ ಲಿನಕ್ಸ್ ಯಂತ್ರವನ್ನೂ ವಿಂಡೋಸ್ ಸರ್ವರಿನಂತೆಯೇ ಕಾಣಿಸುವ ಸಾಂಬಾ ಎಂಬ ತಂತ್ರಾಂಶವನ್ನು ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಡ್ಜೆಲ್ 1992ರಲ್ಲಿ ಆರಂಭಿಸಿದ್ದರಿಂದ, ಗುಮಾಸ್ತನಿಗೆ ತಿಳಿಯದಂತೆಯೇ ಹಿಂಬದಿಯ ಯಂತ್ರವನ್ನು ಬದಲಿಸುವ ದಾರಿ ತೆರೆಯಿತು.

ವಿತರಣೆಗಳ ವಂಶಾವಳಿ ಹೆಚ್ಚುಕಡಿಮೆ ಅದೇ ವರ್ಷಗಳದು. 1992ರ ಎಸ್‌ಎಲ್‌ಎಸ್ ಎಂಬ ಆರಂಭಿಕ ಗಂಟಿನ ದೋಷಗಳಿಂದ ಬೇಸತ್ತವರಲ್ಲಿ ಪ್ಯಾಟ್ರಿಕ್ ವೋಲ್ಕರ್ಡಿಂಗ್ 1993ರ ಜುಲೈನಲ್ಲಿ ಸ್ಲಾಕ್‌ವೇರ್ ಹೊರತಂದರು, ಮರುತಿಂಗಳಲ್ಲೇ ಇಯಾನ್ ಮರ್ಡಾಕ್ ಡೆಬಿಯನ್ ಯೋಜನೆಯನ್ನು ಪ್ರಕಟಿಸಿದರು; 1994ರಲ್ಲಿ ರೆಡ್ ಹ್ಯಾಟ್ ಬಂತು, ಜರ್ಮನಿಯ ಸೂಸೆ ಕಂಪನಿ ಅದಕ್ಕೂ ಮೊದಲೇ ಹುಟ್ಟಿತ್ತು. ಕಂಪನಿಯ ಹಂಗಿಲ್ಲದ ಸ್ವಯಂಸೇವಕರ ಕೂಟವಾಗಿ ನಡೆಯುವ ಡೆಬಿಯನ್ನಿಗೂ ವ್ಯಾಪಾರವಾಗಿ ನಡೆಯುವ ರೆಡ್ ಹ್ಯಾಟ್, ಸೂಸೆಗಳಿಗೂ ಇರುವ ವ್ಯತ್ಯಾಸ ಮುಂದೆ ಬಹಳ ದೊಡ್ಡದಾಯಿತಾದರೂ ಆ ಕಾಲದಲ್ಲಿ ಸಣ್ಣ ಊರುಗಳ ಕಣ್ಣಿಗೆ ಅದು ಬಿದ್ದಿರಲಾರದು. ಅಲ್ಲಿ ಮೊದಲ ಪ್ರಶ್ನೆ ಸಿಡಿ ಎಲ್ಲಿ ಸಿಗುತ್ತದೆ ಎಂಬುದು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ದೂರವಾಣಿ ತಂತಿಯ ಮೂಲಕ ಸೆಕೆಂಡಿಗೆ 56 ಕಿಲೋಬಿಟ್ ವೇಗ ಪೂರ್ತಿ ಸಿಕ್ಕಿತೆಂದುಕೊಂಡರೂ 650 ಮೆಗಾಬೈಟಿನ ಒಂದು ಸಿಡಿ ಇಳಿಯಲು ಒಂದು ಹಗಲು, ಒಂದು ರಾತ್ರಿ ಮತ್ತು ಇನ್ನೂ ಎರಡು–ಮೂರು ಗಂಟೆ ಬೇಕು, ನಡುವೆ ಸಂಪರ್ಕ ಕಡಿದರೆ ಲೆಕ್ಕ ಮೊದಲಿನಿಂದ. ಆದ್ದರಿಂದ ಲಿನಕ್ಸ್ ಬಂದದ್ದು ತಂತಿಯಲ್ಲಲ್ಲ, ಕಾಗದದ ಜೊತೆಯಲ್ಲಿ. ಪಿಸಿ ಕ್ವೆಸ್ಟ್ ಪತ್ರಿಕೆ ಸಂಚಿಕೆಯೊಂದಿಗೆ ಲಿನಕ್ಸ್ ಸಿಡಿಗಳನ್ನು ಲಗತ್ತಿಸಿ ಕೊಡುತ್ತಿತ್ತು, ರೆಡ್ ಹ್ಯಾಟನ್ನು ಆಧರಿಸಿ ತನ್ನದೇ ಹೆಸರಿನ ವಿತರಣೆಯನ್ನೂ ಹೊರತಂದಿತು. 2003ರಿಂದ ಲಿನಕ್ಸ್ ಫಾರ್ ಯೂ ಎಂಬ ಪತ್ರಿಕೆಯೂ ಅದೇ ಹಾದಿ ಹಿಡಿಯಿತು. ಇದರ ಜೊತೆಗೆ ಬೆಂಗಳೂರಿನ ಎಸ್.ಪಿ. ರಸ್ತೆ, ಅಂದರೆ ಎಲೆಕ್ಟ್ರಾನಿಕ್ ಸರಕಿಗೆ ಹೆಸರಾದ ಸದರ್ ಪತ್ರಪ್ಪ ರಸ್ತೆ, ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದ ದೂರದಲ್ಲಿತ್ತು. ಬೆಂಗಳೂರಿನ ತರಬೇತಿ ಕೇಂದ್ರಗಳಲ್ಲಿ ಕಲಿಸುತ್ತಿದ್ದುದೂ ಬಹುಮಟ್ಟಿಗೆ ರೆಡ್ ಹ್ಯಾಟ್. ಸರ್ವರ್ ಕೆಟ್ಟರೆ ಹೆದ್ದಾರಿ ಹಿಡಿದು ಬರುವ ಹುಡುಗ ಬಲ್ಲದ್ದೂ ಅದನ್ನೇ. ಯಾವ ವಿತರಣೆ ಉತ್ತಮ ಎಂಬ ಪ್ರಶ್ನೆಗೆ ಹೀಗೆ ಯಾರೂ ಉತ್ತರ ಕೊಡದೆಯೇ ತೀರ್ಪು ಆಗಿಹೋಗುತ್ತಿತ್ತು.

ಆದರೆ ಗುಣದ ವಿಷಯದಲ್ಲಿಯೂ ರೆಡ್ ಹ್ಯಾಟ್ ಕೈ ಮೇಲಾಗಲು ಒಂದು ಕಾರಣವಿತ್ತು, ಅದು ವಿದ್ಯುತ್ತು. ಹಾರ್ಡ್ ಡಿಸ್ಕಿನಲ್ಲಿ ಯಾವ ಕಡತ ಎಲ್ಲಿದೆ ಎಂಬ ಲೆಕ್ಕ ಇಡುವ ಏರ್ಪಾಟಿಗೆ ಕಡತ ವ್ಯವಸ್ಥೆ ಎನ್ನುತ್ತಾರೆ. ಆಗ ಲಿನಕ್ಸ್‌ನಲ್ಲಿ ರೂಢಿಯಲ್ಲಿದ್ದ ಇಎಕ್ಸ್‌ಟಿ2 ಎಂಬ ವ್ಯವಸ್ಥೆ, ಯಂತ್ರವನ್ನು ಕ್ರಮವಾಗಿ ನಿಲ್ಲಿಸದೆ ಕರೆಂಟ್ ಹೋಗಿ ನಿಂತರೆ, ಮರಳಿ ಏಳುವಾಗ ಡಿಸ್ಕಿನ ಪ್ರತಿ ಮೂಲೆಯನ್ನೂ ಮುಟ್ಟಿ ಲೆಕ್ಕ ತಾಳೆ ನೋಡುತ್ತಿತ್ತು. ಡಿಸ್ಕ್ ದೊಡ್ಡದಾದಷ್ಟೂ ಕಾಯುವಿಕೆ ದೀರ್ಘ. ತಾಳೆ ಬೀಳದಿದ್ದರೆ ಯಂತ್ರ ಮುಂದೆ ಹೋಗುತ್ತಿರಲಿಲ್ಲ. ಕಪ್ಪು ಪರದೆಯ ಮೇಲೆ, ದುರಸ್ತಿಗಾಗಿ ರೂಟ್ ಗುಪ್ತಪದ ಕೊಡಿ ಇಲ್ಲವೆ ಕಂಟ್ರೋಲ್ ಮತ್ತು ಡಿ ಒತ್ತಿ ಎಂಬ ಇಂಗ್ಲಿಷ್ ಸಾಲೊಂದನ್ನು ಮೂಡಿಸಿ ಮಿಣಮಿಣ ಮಿನುಗುತ್ತ ನಿಂತುಬಿಡುತ್ತಿತ್ತು. ಯಂತ್ರದ ಪೂರ್ಣಾಧಿಕಾರಿಗೆ ಇರುವ ರೂಟ್ ಗುಪ್ತಪದ ಬೆಂಗಳೂರಿನಲ್ಲಿರುವವನಿಗೆ ಮಾತ್ರ ಗೊತ್ತಿದ್ದು, ಹೊಸೂರಿನಲ್ಲಿ ಲೋಡು ಲಾರಿಗೇರಿ ಬಿಲ್ಲಿಗಾಗಿ ಕಾಯುತ್ತಿದೆಯೆಂದರೆ ಆ ಒಂದು ಸಾಲಿನ ಬೆಲೆ ಏನೆಂದು ಊಹಿಸಬಹುದು. ಇದಕ್ಕೆ ಪರಿಹಾರವಾಗಿ ಬಂದದ್ದು ಇಎಕ್ಸ್‌ಟಿ3. ಮಾಡಹೊರಟ ಬದಲಾವಣೆಯನ್ನು ಮೊದಲು ಕಚ್ಚಾ ದಿನಚರಿಯೊಂದರಲ್ಲಿ ಬರೆದಿಟ್ಟು ಆಮೇಲೆ ಖಾಯಂ ಜಾಗಕ್ಕೆ ಏರಿಸುವ, ಅಂಗಡಿಯವರ ಚಿಟ್ಟಾ–ಖಾತೆ ಪದ್ಧತಿಯನ್ನೇ ಹೋಲುವ ಈ ವಿಧಾನದಲ್ಲಿ ಕರೆಂಟ್ ಹೋಗಿ ಬಂದರೆ ಚಿಟ್ಟಾದ ಕೊನೆಯ ಕೆಲವು ಸಾಲು ನೋಡಿದರೆ ಸಾಕು, ಯಂತ್ರ ಕ್ಷಣಗಳಲ್ಲಿ ಏಳುತ್ತದೆ. 2001ರ ಅಕ್ಟೋಬರಿನಲ್ಲಿ ಬಂದ ರೆಡ್ ಹ್ಯಾಟ್ 7.2 ಇದನ್ನು ತಾನಾಗಿಯೇ ಅಳವಡಿಸಿಕೊಟ್ಟಿತು. ಸೂಸೆಯಲ್ಲಿ ಅದೇ ಕೆಲಸಕ್ಕೆ ರೈಸರ್ ಎಂಬ ಬೇರೆ ವ್ಯವಸ್ಥೆ ಇತ್ತು. 2002ರ ಡೆಬಿಯನ್ 3.0ರಲ್ಲಿ ಮಾತ್ರ ಅನುಸ್ಥಾಪಕ ಇಎಕ್ಸ್‌ಟಿ3 ಇಲ್ಲದ ಹಳೆಯ ಕರ್ನೆಲ್‌ನೊಂದಿಗೇ ಏಳುತ್ತಿತ್ತು, ಹೊಸದು ಬೇಕಾದವರು ಮೊದಲ ಪರದೆಯಲ್ಲೇ ಬಿಎಫ್24 ಎಂಬ ಅಕ್ಷರಗಳನ್ನು ಟೈಪ್ ಮಾಡಬೇಕೆಂಬ ಗುಟ್ಟು ತಿಳಿದಿರಬೇಕಿತ್ತು. ಯುಪಿಎಸ್ ಬ್ಯಾಟರಿಯನ್ನು ಹೊತ್ತಿಗೆ ಬದಲಿಸದ ಕೋಣೆಯಲ್ಲಿ ಇಂಥ ಗುಟ್ಟು ಬಲ್ಲವರಿಗೂ ಅರಿಯದವರಿಗೂ ಇರುವ ಅಂತರ ಒಂದು ಬೆಳಗಿನ ಕೆಲಸದಷ್ಟು. ಮುಂದೆ 2008ರಿಂದ ಕೆಲವು ವರ್ಷ, ವಿಶೇಷವಾಗಿ 2012ರಲ್ಲಿ, ತಮಿಳುನಾಡಿನ ಉದ್ದಿಮೆಗಳು ತೀವ್ರ ವಿದ್ಯುತ್ ಕಡಿತ ಕಂಡಾಗ ಎಲ್ಲ ವಿತರಣೆಗಳೂ ಈ ಪಾಠ ಕಲಿತಾಗಿತ್ತು.

ಗಡಿ ಸೀಮೆಯ ಇನ್ನೊಂದು ಪರೀಕ್ಷೆ ಲಿಪಿಯದು. ಆ ವರ್ಷಗಳಲ್ಲಿ ಕರ್ನಾಟಕದ ಕಡೆಯ ಕಾಗದಪತ್ರ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ, ತಮಿಳುನಾಡಿನ ಕಡೆಯದು 1999ರಲ್ಲಿ ಒಪ್ಪಿತವಾದ ಟ್ಯಾಮ್, ಟ್ಯಾಬ್ ಸಂಕೇತಗಳಲ್ಲೋ ಖಾಸಗಿ ಫಾಂಟುಗಳಲ್ಲೋ ಸಿದ್ಧವಾಗುತ್ತಿತ್ತು; ಎರಡೂ ರೋಮನ್ ಅಕ್ಷರ–ಚಿಹ್ನೆಗಳ ಸ್ಥಾನಗಳ ಮೇಲೆ ಕನ್ನಡದ ಅಥವಾ ತಮಿಳಿನ ಆಕಾರಗಳನ್ನು ಕೂಡಿಸುವ ಉಪಾಯಗಳು. ಕಡತದ ಒಳಗೆ ಏನಿದೆ ಎಂಬುದು ಸರ್ವರಿಗೆ ಬೇಕಿಲ್ಲ, ಅದು ಬೈಟುಗಳ ಮೂಟೆಯನ್ನು ಹೊತ್ತು ನಿಲ್ಲುವ ಹಮಾಲಿ ಮಾತ್ರ. ಆದರೆ ಮೂಟೆಯ ಮೇಲಿನ ಹೆಸರನ್ನು ಅದು ಓದಲೇಬೇಕು. ಫಾಂಟ್ ಕಳಚಿದೊಡನೆ ಕನ್ನಡದ ಹೆಸರು ಅರ್ಥವಿಲ್ಲದ ರೋಮನ್ ಅಕ್ಷರಗಳ ಗುಂಪಾಗುತ್ತಿದ್ದುದರಿಂದ ಕಡತಗಳಿಗೆ ಇಂಗ್ಲಿಷಿನಲ್ಲೇ ಹೆಸರಿಡುವ ರೂಢಿ ಬಂತು, ಅದು ಇಂದಿಗೂ ಬಿಟ್ಟಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಬೇರೆಬೇರೆ ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತಾದರೂ ಅದನ್ನು ಯುಟಿಎಫ್–8 ಎಂಬ ರೂಪದಲ್ಲಿ ಅನುಸ್ಥಾಪನೆಯ ಮೊದಲ ದಿನದಿಂದಲೇ ಬಳಕೆಗೆ ತಂದದ್ದು ರೆಡ್ ಹ್ಯಾಟ್ 8.0, 2002ರಲ್ಲಿ, ಜಾಲದ ಮೇಲೆ ಯುನಿಕೋಡ್ ಹೆಸರುಗಳನ್ನು ಸಾಗಿಸುವ ಸಾಂಬಾ 3.0 ಬಂದದ್ದು 2003ರಲ್ಲಿ. ಡೆಬಿಯನ್ ಅದೇ ದಾರಿಗೆ ಬಂದದ್ದು 2007ರಲ್ಲಿ. ತಮಿಳುನಾಡು ಸರ್ಕಾರ ಯುನಿಕೋಡನ್ನು ಅಧಿಕೃತವಾಗಿ ಒಪ್ಪಿದ್ದು 2010ರಲ್ಲಿ. ಹೀಗೆ ಒಂದೇ ಫೋಲ್ಡರಿನಲ್ಲಿ ಕನ್ನಡ ಹೆಸರಿನ ಕಡತವೂ ತಮಿಳು ಹೆಸರಿನ ಕಡತವೂ ಪಕ್ಕಪಕ್ಕದಲ್ಲಿ ನಿಲ್ಲುವಂತಾಯಿತು. ಆದರೂ ಸರ್ವರಿನ ಎದುರು ಕೂತವನಿಗೆ ಅವು ಕಾಣಲಿಲ್ಲ: ಚಿತ್ರಪರದೆ ಇಲ್ಲದ ಸರ್ವರಿನ ಅಕ್ಷರಪರದೆಯಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಮಾತ್ರ ಎಡೆ, ಒತ್ತಕ್ಷರ ಕೂಡಿಸುವ ಬುದ್ಧಿಯೂ ಅದಕ್ಕಿಲ್ಲ. ಡೆಬಿಯನ್ ಅನುಸ್ಥಾಪಕವು ಕನ್ನಡದಲ್ಲಿ ಮಾತಾಡಬಲ್ಲದಾದರೂ ಚಿತ್ರರೂಪದ ಅನುಸ್ಥಾಪಕದಲ್ಲಿ ಮಾತ್ರ ಮಾತಾಡುವುದು ಈ ಕಾರಣಕ್ಕೇ. ಸಣ್ಣ ಸರ್ವರ್ ಇಟ್ಟವರು ಸಾಮಾನ್ಯವಾಗಿ ಚಿತ್ರಪರದೆಯನ್ನು ಬಿಟ್ಟುಬಿಡುವುದರಿಂದ ಕನ್ನಡವು ಆ ಯಂತ್ರದಲ್ಲಿ ಇದ್ದೂ ತೋರದ ಬಾಡಿಗೆದಾರನಂತೆ ಉಳಿಯಿತು.

ದಾರಿಯಿಂದ ವಾಯಿದೆಯ ಕಡೆಗೆ ಗಮನ ಹೊರಳಿದ್ದು 2003–04ರಲ್ಲಿ. 2003ರ ಮಾರ್ಚ್ ಕೊನೆಯಲ್ಲಿ ಬಂದ ರೆಡ್ ಹ್ಯಾಟ್ ಲಿನಕ್ಸ್ 9ಕ್ಕೆ ತಿದ್ದುಪಡಿ ಕಳುಹಿಸುವುದನ್ನು ಕಂಪನಿ 2004ರ ಏಪ್ರಿಲ್ 30ಕ್ಕೆ ನಿಲ್ಲಿಸಿ, ಉಚಿತ ಸರಣಿಗೇ ಮಂಗಳ ಹಾಡಿತು. ಅದರ ಜಾಗದಲ್ಲಿ ಒಂದು ಕಡೆ ಹಣ ಕಟ್ಟಿ ಪಡೆಯುವ, ದೀರ್ಘ ವಾಯಿದೆಯ ಎಂಟರ್‌ಪ್ರೈಸ್ ಲಿನಕ್ಸ್, ಇನ್ನೊಂದು ಕಡೆ ಬೇಗ ಬಂದು ಬೇಗ ಹಳಸುವ ಉಚಿತ ಫೆಡೋರಾ ಉಳಿದವು. ಪತ್ರಿಕೆಯ ಸಿಡಿಯಿಂದ ಇಳಿಸಿಕೊಂಡ ಸರ್ವರ್‌ಗಳೆಲ್ಲ ಒಂದೇ ವರ್ಷದಲ್ಲಿ ಅನಾಥವಾದವು. ಈ ಸೀಮೆಗೆ ಇಂಥ ಅನುಭವ ಹೊಸದಲ್ಲ ಎನ್ನಬಹುದು. 20ನೆಯ ಶತಮಾನದ ಆರಂಭದಲ್ಲಿ ಕೃಷ್ಣಗಿರಿಗೂ ಹೊಸೂರಿಗೂ ಬಂದಿದ್ದ ಕಿರುಹಳಿಯ ರೈಲುಗಳನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಚ್ಚಲಾಯಿತು, ಕೃಷ್ಣಗಿರಿಗೆ ಆ ಬಳಿಕ ರೈಲು ಬರಲೇ ಇಲ್ಲ. ಸರ್ವರಿನ ವಿಷಯದಲ್ಲಿ ಮಾತ್ರ ಹಳಿಯನ್ನು ಮರುಜೋಡಿಸಲು ಸಾಧ್ಯವಿತ್ತು. ಎಂಟರ್‌ಪ್ರೈಸ್ ಲಿನಕ್ಸ್‌ನ ಮೂಲ ಸಂಕೇತ ಬಹಿರಂಗವಾಗಿದ್ದುದರಿಂದ ಸ್ವಯಂಸೇವಕರು ಅದನ್ನೇ ಹೆಸರು ಬದಲಿಸಿ ಮರುಕಟ್ಟಿ 2004ರಲ್ಲಿ ಸೆಂಟ್ ಓಎಸ್ ಎಂದು ಹೊರತಂದರು. ಏಳು ವರ್ಷ, ಮುಂದೆ ಹತ್ತು ವರ್ಷ ತಿದ್ದುಪಡಿ ಬರುವ ಉಚಿತ ವ್ಯವಸ್ಥೆ ಎಂದಮೇಲೆ ಸಣ್ಣ ಘಟಕಗಳಿಗೆ ಇನ್ನೇನು ಬೇಕು? ಅದೇ ವರ್ಷ ಡೆಬಿಯನ್ ಆಧರಿಸಿ ಬಂದ ಉಬುಂಟು, ಇಡೀ ವ್ಯವಸ್ಥೆಯನ್ನು ಒಂದೇ ಸಿಡಿಯಲ್ಲಿ ತುಂಬಿ, ಕೇಳಿದವರ ವಿಳಾಸಕ್ಕೆ ಅಂಚೆಯಲ್ಲಿ ಉಚಿತವಾಗಿ ಕಳುಹಿಸತೊಡಗಿ 2011ರವರೆಗೂ ಆ ಪದ್ಧತಿಯನ್ನು ನಡೆಸಿತು, 2006ರಿಂದ ಸರ್ವರಿಗೆ ಐದು ವರ್ಷದ ವಾಯಿದೆಯನ್ನೂ ಸೇರಿಸಿತು. ಡಜನ್ ಮೀರಿದ ಸಿಡಿಗಳ ಡೆಬಿಯನ್ ಕಟ್ಟಿಗೆ ಹೆದರಿದವರು ಅದರ ಮಗುವನ್ನು ಎತ್ತಿಕೊಂಡರು. 2005ರಿಂದ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಹರಡಿದಂತೆ ಅಂಚೆಯ ಅಗತ್ಯವೂ ತಗ್ಗಿತು. ಸೆಕೆಂಡಿಗೆ 256 ಕಿಲೋಬಿಟ್ ವೇಗದಲ್ಲಿ ಒಂದು ಸಿಡಿ ಇಳಿಯಲು ಹತ್ತಿರಹತ್ತಿರ ಆರು ಗಂಟೆ, ಕೆಲವು ಯೋಜನೆಗಳಲ್ಲಿ ಲೆಕ್ಕವಿಲ್ಲದೆ ಬಳಸಲು ಬಿಟ್ಟಿದ್ದ ರಾತ್ರಿ 2ರಿಂದ ಬೆಳಗಿನ 8ರ ಅವಧಿಯೂ ಸರಿಯಾಗಿ ಆರೇ ಗಂಟೆ.

ಚೆನ್ನೈ ಕಡೆಯ ದಾರಿ ಇದಕ್ಕೆ ಸಮಾನಾಂತರವಾಗಿ ಹರಿಯಿತು. 1977ರಲ್ಲಿ ಸ್ಥಾಪಿತವಾದ ತಮಿಳುನಾಡು ಎಲೆಕ್ಟ್ರಾನಿಕ್ಸ್ ನಿಗಮ, ಎಲ್ಕಾಟ್, ಸಿ. ಉಮಾಶಂಕರ್ ಅವರು ವ್ಯವಸ್ಥಾಪಕ ನಿರ್ದೇಶಕರಾಗಿದ್ದ 2006–08ರ ಅವಧಿಯಲ್ಲಿ ತನ್ನ ಕಚೇರಿಯ ಕೆಲಸವನ್ನು ಸೂಸೆ ಲಿನಕ್ಸ್‌ಗೆ ವರ್ಗಾಯಿಸಿ, ಸರ್ಕಾರಿ ಶಾಲೆಗಳಿಗೆ ಕೊಳ್ಳುವ ಕಂಪ್ಯೂಟರ್‌ಗಳಲ್ಲಿಯೂ ಅದನ್ನೇ ತುಂಬಿಸಿತು. ಆ ಹೊತ್ತಿಗಾಗಲೇ ರಾಜ್ಯದ ಹೈಯರ್ ಸೆಕೆಂಡರಿ ಪಠ್ಯದಲ್ಲಿ ಲಿನಕ್ಸ್ ಮೇಲೂ ಓಡುವ ಸ್ಟಾರ್ ಆಫೀಸ್ ಎಂಬ ಕಚೇರಿ ತಂತ್ರಾಂಶವನ್ನು ಕಲಿಸಲಾಗುತ್ತಿತ್ತು. ಬಳಿಕ ಸರದಿ ಬಾಸ್ ಲಿನಕ್ಸ್‌ನದು. ಕೇಂದ್ರ ಸರ್ಕಾರದ ಸಿಡ್ಯಾಕ್ ಸಂಸ್ಥೆಯ ಚೆನ್ನೈ ಕೇಂದ್ರವು ಡೆಬಿಯನ್ನನ್ನು ಆಧರಿಸಿ 2007ರ ಜನವರಿಯಲ್ಲಿ ಹೊರತಂದ, ಕನ್ನಡವೂ ಸೇರಿ ಭಾರತೀಯ ಭಾಷೆಗಳಿಗೆ ಒತ್ತು ಕೊಟ್ಟ ಈ ವಿತರಣೆಗೆ ಸರ್ವರ್ ಆವೃತ್ತಿಯೂ ಇದೆ. 2011ರ ಸೆಪ್ಟೆಂಬರಿನಲ್ಲಿ ಆರಂಭವಾದ ವಿದ್ಯಾರ್ಥಿಗಳ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ಅದು ವಿಂಡೋಸ್ ಜೊತೆಯಲ್ಲಿ ಮನೆಮನೆಗೆ ಬಂತು, 2014ರ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿಯ ವಾಯಿದೆ ತೀರಿದಾಗ ಕಚೇರಿಗಳೂ ಅದಕ್ಕೆ ಬದಲಾಗಬೇಕೆಂದು ರಾಜ್ಯ ಸರ್ಕಾರ ಸೂಚಿಸಿತು. ಇನ್ನೊಂದು ಗಡಿಯ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಐಟಿ ಅಟ್ ಸ್ಕೂಲ್ ಯೋಜನೆಯಡಿ ಮೊದಲು ಡೆಬಿಯನ್, ಆಮೇಲೆ ಉಬುಂಟು ಆಧರಿಸಿದ ವ್ಯವಸ್ಥೆಯಲ್ಲೇ ಪರೀಕ್ಷೆ ಬರೆಯುತ್ತಿದ್ದರು. ಅಲ್ಲಿ ಶಾಲೆಯ ಆಯ್ಕೆ ಎರಡು ದಶಕ ಒಂದೇ ವಂಶದೊಳಗೆ ಉಳಿದರೆ ಹೊಸೂರಿನ ಮಗು ಹೈಸ್ಕೂಲಿನಲ್ಲಿ ಸೂಸೆ, ಲ್ಯಾಪ್‌ಟಾಪಿನಲ್ಲಿ ಬಾಸ್, ಕೆಲಸಕ್ಕೆ ಸೇರಿದ ಘಟಕದಲ್ಲಿ ಸೆಂಟ್ ಓಎಸ್ ಕಾಣುವ ಸಾಧ್ಯತೆ ಇತ್ತು. ಸರ್ಕಾರದ ಆಯ್ಕೆ ಕಾರ್ಖಾನೆಯ ಮೂಲೆಮೇಜಿಗೆ ಇಳಿಯದಿದ್ದುದಕ್ಕೆ ಕಾರಣ ವಿತರಣೆಯ ಕೊರತೆಯಲ್ಲ. ಎಲ್ಕಾಟ್ ಹೊಸೂರಿನ ವಿಶ್ವನಾಥಪುರದಲ್ಲಿ ತಂತ್ರಜ್ಞಾನ ವಲಯವನ್ನು ಕಟ್ಟಿದರೂ, ರಾತ್ರಿ ಹತ್ತಕ್ಕೆ ಫೋನೆತ್ತುವವನು ಆನೇಕಲ್ಲು–ಎಲೆಕ್ಟ್ರಾನಿಕ್ ಸಿಟಿ ಕಡೆಯವನೇ ಆಗಿದ್ದ.

ಹತ್ತು ವರ್ಷದ ಮಾತು ಕೊಟ್ಟವರು ಅದನ್ನು ಹಿಂಪಡೆಯಬಲ್ಲರು ಎಂಬುದು 2020ರ ಡಿಸೆಂಬರ್ 8ರಂದು ಬಯಲಾಯಿತು. 2014ರಿಂದ ಸೆಂಟ್ ಓಎಸ್ ರೆಡ್ ಹ್ಯಾಟಿನ ಆಶ್ರಯದಲ್ಲಿತ್ತು, 2019ರಲ್ಲಿ ರೆಡ್ ಹ್ಯಾಟ್ 34 ಶತಕೋಟಿ ಡಾಲರಿಗೆ ಐಬಿಎಂ ಪಾಲಾಗಿತ್ತು. 2029ರವರೆಗೆ ಬಾಳಬೇಕಿದ್ದ ಸೆಂಟ್ ಓಎಸ್ 8 ಅನ್ನು 2021ರ ಕೊನೆಗೇ ನಿಲ್ಲಿಸುವುದಾಗಿ ಆ ದಿನ ಘೋಷಣೆ ಹೊರಬಿತ್ತು. ಹಳೆಯ ಆವೃತ್ತಿ 7ರ ವಾಯಿದೆ 2024ರ ಜೂನ್ 30ರವರೆಗೆ ಇದ್ದುದರಿಂದ, ಹೊಸದಕ್ಕೆ ಉತ್ಸಾಹದಿಂದ ಹಾರಿದವರು ಮೊದಲು ಬೀದಿಗೆ ಬಿದ್ದು, ಸೋಮಾರಿಗಳು ಇನ್ನೂ ಎರಡೂವರೆ ವರ್ಷ ನೆಮ್ಮದಿಯಾಗಿದ್ದರು ಎಂಬುದು ಈ ಚರಿತ್ರೆಯ ತಮಾಷೆಗಳಲ್ಲೊಂದು. 2004ರ ಕೆಲಸವನ್ನೇ ಮತ್ತೆ ಮಾಡಲು 2021ರ ಮಾರ್ಚಿನಲ್ಲಿ ಆಲ್ಮಾ ಲಿನಕ್ಸ್, ಜೂನಿನಲ್ಲಿ ರಾಕಿ ಲಿನಕ್ಸ್ ಹುಟ್ಟಿದವು; 2023ರ ಜೂನಿನಲ್ಲಿ ರೆಡ್ ಹ್ಯಾಟ್ ಮೂಲ ಸಂಕೇತವನ್ನು ಗ್ರಾಹಕರಿಗಷ್ಟೇ ಸೀಮಿತಗೊಳಿಸಿದಾಗ ಅವೂ ಬೇರೆ ದಾರಿ ಹುಡುಕಬೇಕಾಯಿತು. ಮಾರಾಟವಾಗಲು ಮಾಲೀಕನೇ ಇಲ್ಲದ ಡೆಬಿಯನ್, ಸಿಡಿಗಳ ಕಾಲದಲ್ಲಿ ಹಿಂದೆ ಬಿದ್ದದ್ದು, ಎರಡು ವರ್ಷಕ್ಕೊಂದು ಆವೃತ್ತಿ ಮತ್ತು ಸುಮಾರು ಐದು ವರ್ಷದ ವಾಯಿದೆಯೊಂದಿಗೆ ಈಗ ಮುಂದಿನ ಸಾಲಿಗೆ ಬಂದು ನಿಂತಿತು.

ಇತ್ತೀಚಿನ ಲೆಕ್ಕದಲ್ಲಿ ಯಂತ್ರದ ವಯಸ್ಸೂ ಸೇರಿಕೊಂಡಿದೆ. ಸಣ್ಣ ಸರ್ವರ್ ಎಂಬುದು ಅನೇಕ ವೇಳೆ ದೊಡ್ಡ ಕಚೇರಿ ಕಳಚಿಹಾಕಿದ, ಎಸ್.ಪಿ. ರಸ್ತೆಯಲ್ಲಿ ಕೈಬದಲಿಸಿದ ಯಂತ್ರ. 2025ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10, ಸುಮಾರು 2013ಕ್ಕೂ ಹಿಂದಿನ ಪ್ರೊಸೆಸರುಗಳ ಮೇಲೆ ಏಳುವುದೇ ಇಲ್ಲ. ಅದೇ ವರ್ಷದ ಆಗಸ್ಟಿನ ಡೆಬಿಯನ್ 13 ಅಂಥ 64 ಬಿಟ್ ಯಂತ್ರಗಳನ್ನು ಒಪ್ಪುತ್ತದೆ, 32 ಬಿಟ್‌ನ ಹಳೆಯ ಯಂತ್ರಗಳಿಗೆ ಮಾತ್ರ ಅನುಸ್ಥಾಪಕ ಕೊಡುವುದನ್ನು ಬಿಟ್ಟಿದೆ. ಆಲ್ಮಾ ಲಿನಕ್ಸ್ 10 ಹಳೆಯ ಪ್ರೊಸೆಸರುಗಳಿಗೆಂದೇ ಪ್ರತ್ಯೇಕ ಕಟ್ಟೊಂದನ್ನು ಇಟ್ಟುಕೊಂಡಿದೆ, ಅದನ್ನು ಇಳಿಸಿಕೊಳ್ಳುವವರು ಕಡತದ ಹೆಸರಿನಲ್ಲಿ ವಿ2 ಎಂಬ ಎರಡಕ್ಷರ ಇದೆಯೇ ಎಂದು ನೋಡಿಕೊಳ್ಳಬೇಕು.